ಹಂಸಾಳ ಕಾಫಿ ಹರಕೆ

ಚಲುವರಾಜುವಿನ ಹೊಟ್ಟೆ ಇಳಿಸಲು ಹೆಂಡತಿ ಹಂಸಾ ಮಾಡದ ಪ್ರಯತ್ನವಿರಲಿಲ್ಲ. ಕೊನೆಗೆ ಡಾಕ್ಟರು "ಆರು ಕೆಜಿ ಇಳಿಸ್ದಿದ್ರೆ ಮಂಡಿ ಕೈಕೊಡುತ್ತೆ" ಎಂದರು. ಗಂಡನನ್ನು ನಂಬುವುದಕ್ಕಿಂತ ದೇವರನ್ನು ನಂಬುವುದೇ ವಾಸಿ ಎಂದುಕೊಂಡ ಹಂಸಾ ಬನಶಂಕರಮ್ಮನಿಗೆ ಹರಕೆ ಹೊತ್ತಳು: ಯಜಮಾನರ ತೂಕ ಆರು ಕೆಜಿ ಇಳಿಯುವವರೆಗೆ ತಾನು ಕಾಫಿ ಮುಟ್ಟುವುದಿಲ್ಲ.

ದಿನಕ್ಕೆ ಐದು ಲೋಟ ಕುಡಿಯುತ್ತಿದ್ದವಳು! ಮೊದಲ ದಿನ ತಲೆನೋವು, ಎರಡನೆಯ ದಿನ ಮೌನ, ಮೂರನೆಯ ದಿನದಿಂದ ಪಾತ್ರೆಗಳೇ ಮಾತಾಡತೊಡಗಿದವು. (ಮಹಡಿಯ ಬಾಡಿಗೆದಾರರು ನಲ್ಲಿ ಸೋರುತ್ತಿದೆ ಎಂದು ಹೇಳಲೂ ಹೆದರಿ ಬಕೆಟ್ ಇಟ್ಟುಕೊಂಡರು.) ಚಲುವರಾಜುವಿಗೆ ಕರುಳು ಚುರ್ರೆಂದಿತು. ಬೆಳಗ್ಗೆ ಆರಕ್ಕೇ ಪಾರ್ಕಿಗೆ ಹೊರಟ.

ಐದು ಸುತ್ತು ಪ್ರಾಮಾಣಿಕವಾಗಿಯೇ ಹಾಕುತ್ತಿದ್ದ. ತೊಂದರೆ ಇದ್ದದ್ದು ಗೇಟಿನೆದುರಿನ ದರ್ಶಿನಿಯಲ್ಲಿ. ವಾಕಿಂಗ್ ಗೆಳೆಯರ ಪೈಕಿ ರಾಮಯ್ಯನ ಜೊತೆ ಬೈ-ಟೂ ಮಸಾಲೆ ದೋಸೆ, ಬೋರಣ್ಣನ ಜೊತೆ ಬೈ-ಟೂ ಖಾರಾಬಾತ್, ನಂದಕುಮಾರನ ಜೊತೆ ಬೈ-ಟೂ ಕೇಸರಿಬಾತ್. ಅರ್ಧ ತಿಂದದ್ದು ತಿಂದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಅವನ ಘನ ಸಿದ್ಧಾಂತ.

ತಿಂಗಳ ಕೊನೆಗೆ ತೂಕ ನೋಡಿದರೆ ಎರಡು ಕೆಜಿ ಜಾಸ್ತಿ!

"ವಾಕಿಂಗ್ ಮಾಡಿದ್ರೆ ಮಸಲ್ ಬರುತ್ತಂತೆ ಕಣೇ," ಎಂದ.

"ಬರ್ಲಿ. ನಾಳೆಯಿಂದ ನಾನೂ ಬರ್ತೀನಿ. ಆ ಮಸಲ್ ಎಲ್ಲಿ ಬೆಳೀತಿದೆ ನೋಡ್ತೀನಿ."

ಮರುದಿನ ಸುತ್ತು ಮುಗಿಸಿದ ಚಲುವರಾಜು ದರ್ಶಿನಿಯತ್ತ ಕಣ್ಣೂ ಹಾಯಿಸದೆ ಪರಮ ವೈರಾಗಿಯಂತೆ ನಡೆದ. ದೋಸೆ ಹುಯ್ಯುವ ಯುವರಾಜ್ ಬಿಡಬೇಕಲ್ಲ!

"ರಾಜಣ್ಣ, ಹಂಗೇ ಹೊರಟ್ರಲ್ಲ! ಇವತ್ತು ಬೈ-ಟೂ ದೋಸೆ ಅಕ್ಕನ ಜೊತೆನಾ? ಖಾರಾಬಾತು, ಕೇಸರಿಬಾತು ಆಮೇಲೆ ಕೊಡ್ಲಾ?"

ಹಂಸಾ ಬಯ್ಯಲಿಲ್ಲ. ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದ. ಸೀದಾ ಆಟೋ ಹತ್ತಿ ಬನಶಂಕರಮ್ಮನ ಗುಡಿಗೆ ಹೋದಳು; ಇವನು ತೆಪ್ಪಗೆ ಪಕ್ಕದಲ್ಲಿ ಕೂತ. ಅಮ್ಮನ ಮುಂದೆ ಹತ್ತು ನಿಮಿಷ ಕಣ್ಣು ಮುಚ್ಚಿ ನಿಂತಳು. ಮತ್ತೆ ಅದೇ ದರ್ಶಿನಿಗೆ ಬಂದು, "ಒಂದು ಫುಲ್ ಕಾಫಿ, ಸ್ಟ್ರಾಂಗ್" ಎಂದಳು.

"ಅಯ್ಯೋ, ಹರಕೆ ಕಣೇ!"

"ತಪ್ಪುಕಾಣಿಕೆ ಹಾಕಿ, ಹರಕೆ ಖಾತೆ ನಿಮ್ಮ ಹೆಸರಿಗೆ ಮಾಡ್ಸಿದೀನಿ. ತೂಕ ಇಳಿಯೋವರ್ಗೂ ಇನ್ಮೇಲೆ ಕಾಫಿ ಮುಟ್ಟಬಾರದವರು ನೀವು. ಆರಲ್ಲ, ಈಗ ಎಂಟು ಕೆಜಿ."

"ನನ್ನ ಒಂದ್ಮಾತು ಕೇಳ್ದೇನೇ?"

"ದೋಸೆ ತಿನ್ನೋವಾಗ ನೀವು ನನ್ನ ಕೇಳಿದ್ರಾ?"

ಫಿಲ್ಟರ್ ಕಾಫಿಯ ಘಮ ನೇರವಾಗಿ ಚಲುವರಾಜುವಿನ ಮೂಗಿಗೇ ಬಂತು. ನಿಜಕ್ಕೂ ಅಳು ಬಂತು ಅವನಿಗೆ.

"ಹಂಸಾ... ಬೈ-ಟೂ ಆದ್ರೂ?"

ಹಂಸಾ ಕೊನೆಯ ಗುಟುಕು ಹೀರಿ ಲೋಟವನ್ನು ಕೌಂಟರಿನ ಮೇಲಿಟ್ಟಳು.

"ಯುವರಾಜು, ಇನ್ನೊಂದು ಫುಲ್ಲೇ ಕೊಡಪ್ಪ."