ಮಾವನ ಮುಂದಿನ ವಾಯಿದೆ

ನಮ್ಮ ಮಾವ ಈ ಲೋಕದಲ್ಲಿ ತಮ್ಮ ಕುರಿಗಳನ್ನು ಬಿಟ್ಟು ಇನ್ಯಾರನ್ನೂ ನಂಬುವುದಿಲ್ಲ. ಕುರಿಗಳಲ್ಲೂ ಒಂದೆರಡರ ಮೇಲೆ ಅವರಿಗೆ ಅನುಮಾನವಿದೆ! ಅವರ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಯಾಕೆ ಹೇಳಿದಳು, ಯಾರು ಹೇಳಿಕೊಟ್ಟರು ಎಂದು ವಿಚಾರಣೆ ಶುರುವಾಗುತ್ತದೆ. ಅಮ್ಮನ ತಮ್ಮ, ಬಿ.ದುರ್ಗದ ಕಡೆಯವರು, ಇಷ್ಟು ಸಾಕು.

ಈ ಮಾವನಿಗೂ ಅವರ ಒಡಹುಟ್ಟಿದ ಅಣ್ಣನಿಗೂ, ಅಂದರೆ ನನ್ನ ದೊಡ್ಡ ಮಾವನಿಗೂ, ಕೋರ್ಟಿನಲ್ಲಿ ದಾವೆ. ಅಜ್ಜ ತೀರಿಕೊಂಡ ಮೇಲೆ ಹೊಲ ಪಾಲಾಯಿತು. ಮಾವನ ಕುರಿಗಳು ಕೆರೆಗೆ ಹೋಗುವ ದಾರಿ ಅಣ್ಣನ ಪಾಲಿನೊಳಗೆ ಸೇರಿಹೋಯಿತು. ಅಣ್ಣ ಬೇಲಿ ಹಾಕಿದರು, ತಮ್ಮ ದಾವೆ ಹಾಕಿದರು. ಅಂದಿನಿಂದ ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿದಿಲ್ಲ. ಊರಲ್ಲಿ ಎದುರುಬದುರು ಸಿಕ್ಕರೆ ಇಬ್ಬರೂ ಆಕಾಶ ನೋಡುತ್ತಾರೆ. ಒಮ್ಮೆ ಅದನ್ನು ಕಂಡು ಮಳೆ ಬಂತೆಂದು ಯಾರೋ ಒಣಹಾಕಿದ ಮೆಕ್ಕೆಜೋಳ ಎತ್ತಿಟ್ಟರಂತೆ!

ವರ್ಷಗಟ್ಟಲೆ ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಮ್ಮೆ ಇವರ ವಕೀಲರಿಗೆ ಜ್ವರ, ಒಮ್ಮೆ ಅವರ ವಕೀಲರ ಮನೆಯಲ್ಲಿ ಮದುವೆ. ವಾಯಿದೆಯ ದಿನ ಮಾವ ಬಿಳಿ ಪಂಚೆ ಉಟ್ಟು ಹೊಳಲ್ಕೆರೆಯ ನಮ್ಮ ಮನೆಗೆ ಬಂದು, ಟೀ ಕುಡಿದು, ನನ್ನ ಸ್ಕೂಟರ್ ಹತ್ತಿ ಕೋರ್ಟಿಗೆ ಹೋಗಿ, ಮುಂದಿನ ವಾಯಿದೆ ತೆಗೆದುಕೊಂಡು ಸಂತೋಷದಿಂದ ಊರಿಗೆ ಹೋಗುತ್ತಿದ್ದರು. ಅಷ್ಟರಲ್ಲಿ ಕೋರ್ಟಿನ ಆಡಳಿತ ಸುಧಾರಿಸಿಬಿಟ್ಟಿತು. ಮಾವನ ನಿದ್ದೆ ಕೆಟ್ಟಿತು!

ಮೊದಲು ಬಂದದ್ದು ಮೊಬೈಲಿಗೆ ಮೆಸೇಜು, ಇಂಥ ದಿನ ನಿಮ್ಮ ಕೇಸಿದೆ ಎಂದು.

"ನಾನ್ ಕೇಳೇ ಇಲ್ಲ. ಅವರಾಗೇ ಯಾಕ್ ಹೇಳ್ತಾರೆ? ಏನೋ ಐತೆ ಕಣವ್ವ."

"ಏನೂ ಇಲ್ಲ ಮಾವ, ಎಲ್ರಿಗೂ ಕಳಿಸ್ತಾರೆ."

"ಎಲ್ರಿಗೂ? ಅಂದ್ರೆ ಅಣ್ಣಗೂ ಬಂದೈತೆ!"

ಮೆಸೇಜು ನಿಜವೋ ಸುಳ್ಳೋ ವಿಚಾರಿಸಲು ಅವರು ಹಿಂದಿನ ದಿನವೇ ಬಸ್ಸು ಹತ್ತಿ ಬಂದರು. ಜನರ ಓಡಾಟ ತಪ್ಪಿಸಲೆಂದು ಕಳಿಸಿದ ಮೆಸೇಜಿನಿಂದ ಮಾವನಿಗೆ ಒಂದು ಓಡಾಟ ಹೆಚ್ಚಾಯಿತು.

ಆಮೇಲೆ ನಕಲಿನ ಪ್ರಸಂಗ. ಬೆಳಿಗ್ಗೆ ಅರ್ಜಿ ಕೊಟ್ಟ ದಾಖಲೆಯ ನಕಲು ಮಧ್ಯಾಹ್ನಕ್ಕೇ ತಯಾರು! ಗುಮಾಸ್ತರು ನಗುತ್ತಾ (ನಗು ಬೇರೆ!) ಚಾಚಿದರು. ಮಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಇಷ್ಟು ಬಿರ್ರನೆ ಆಗಿದ್ದು ಬ್ಯಾಡ್ರಿ. ನಿಧಾನಕ್ಕೆ ಸರಿಯಾಗಿ ಮಾಡಿಡ್ರಿ, ಮುಂದಿನ ವಾರ ಬರ್ತೀನಿ."

"ಇದೇ ಸರಿಯಾಗೈತ್ರಿ ಯಜಮಾನ್ರೆ."

"ಮಾಡಿದೋರೇ ಸರಿ ಅಂದ್ರೆ ಹೆಂಗ್ರಿ?"

ಕೊನೆಗೆ ನಾನೇ ಇಸಿದುಕೊಂಡೆ. ಮಾವ ಅದನ್ನು ಬಿಸಿಲಿಗೆ ಹಿಡಿದು ನೋಡಿದರು, ಮೂಸಿಯೂ ನೋಡಿದರು.

ಎಲ್ಲಕ್ಕಿಂತ ಅವರನ್ನು ಕಾಡಿದ್ದು ಕೋರ್ಟ್ ಹಾಲಿನ ಹೊರಗಿನ ಟಿವಿ. ಮೊದಲೆಲ್ಲ ಜವಾನ ಬಾಗಿಲಿಗೆ ಬಂದು ಇಬ್ಬರ ಹೆಸರನ್ನೂ ತಂದೆಯ ಹೆಸರು ಸೇರಿಸಿ ಕೂಗುತ್ತಿದ್ದ. ಈಗ ಟಿವಿಯಲ್ಲಿ ಕೇಸಿನ ನಂಬರು ಬರುತ್ತದೆ, ಅಷ್ಟೇ. ನಮ್ಮ ನಂಬರು ಬಂದರೂ ಮಾವ ಬೆಂಚು ಬಿಟ್ಟು ಏಳಲಿಲ್ಲ.

"ಕೂಗ್ಲಿ ತಡಿ."

"ಈಗ ಕೂಗಲ್ಲ ಮಾವ!"

"ಕೂಗ್ದೆ ನಮ್ದೇ ಅಂತ ಹೆಂಗ್ ನಂಬಾದು?"

ವಿಚಿತ್ರವೆಂದರೆ, ಕಂಬದ ಆಚೆ ಕುಳಿತಿದ್ದ ದೊಡ್ಡ ಮಾವನೂ ಎದ್ದಿರಲಿಲ್ಲ. ಕೊನೆಗೆ ಜವಾನ ಸಿಡುಕುತ್ತಾ ಹೊರಗೆ ಬಂದು ಒಬ್ಬೊಬ್ಬರ ಹೆಸರನ್ನೂ ಹಿಡಿದು "ಬಿನ್ ಕಾಟಪ್ಪಾ!" ಎಂದು ಎರಡು ಸಲ ಕೂಗಿದ. ಕಾಟಪ್ಪ ನಮ್ಮ ಅಜ್ಜ. ಇಬ್ಬರೂ ಒಟ್ಟಿಗೇ ಎದ್ದರು.

ಜಡ್ಜ್ ಮೇಡಂ ಅಂದು ರಾಜಿಯ ಮಾತೆತ್ತಿದರು. ಬದುವಿನ ಪಕ್ಕ ಒಂದು ಬಂಡಿ ಹಿಡಿಸುವಷ್ಟು ದಾರಿ ಬಿಡುತ್ತೀರಾ ಎಂದರು. ದೊಡ್ಡ ಮಾವ ತಲೆಯಾಡಿಸಿ "ಆಗ್ಲಿ ತಾಯಿ" ಅಂದುಬಿಟ್ಟರು.

ಮಾವ ಬೆಚ್ಚಿಬಿದ್ದರು. "ಒಪ್ಪಿದ್ನಾ? ಇದ್ರಾಗೆ ಏನೋ ಐತೆ ಮೇಡಮ್ಮೋರೆ! ಇನ್ನೊಂದು ವಾಯಿದೆ ಕೊಡ್ರಿ."

"ನೀವು ಕೇಳಿದ ದಾರಿ ಸಿಕ್ಕಿತಲ್ಲ. ಇನ್ನೇಕೆ ವಾಯಿದೆ?"

ಎಲ್ಲಿ ಮಾವ ಹಟ ಹಿಡಿದು ಕೈಗೆ ಬಂದ ದಾರಿಯನ್ನೂ ಕಳೆದುಕೊಳ್ಳುತ್ತಾರೋ ಎಂದು ನನಗೆ ಭಯವಾಯಿತು. ಪಂಚೆ ಹಿಡಿದು ಜಗ್ಗಿದೆ. ಪುಣ್ಯಕ್ಕೆ ಸಹಿ ಹಾಕಿದರು.

ಹೊರಗೆ ಬಂದವರು ಅಭ್ಯಾಸಬಲದಿಂದ ಗುಮಾಸ್ತರ ಮೇಜಿನ ಮುಂದೆ ನಿಂತರು. "ಮುಂದಿನ ವಾಯಿದೆ ಯಾವತ್ರಿ?"

"ಕೇಸು ಮುಗೀತಲ್ರಿ ಯಜಮಾನ್ರೆ. ಇನ್ನು ನೀವು ಬರಾದೇ ಬ್ಯಾಡ."

ಮಾವ ಅಲ್ಲಿಂದ ಕದಲಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಅಂದರು: "ಅಂಗಾರೆ ಇನ್ಮೇಲೆ ಅಪ್ಪನ ಹೆಸರು ಹಿಡಿದು ನಮ್ಮಿಬ್ರನ್ನೂ ಯಾರೂ ಕೂಗಲ್ಲ ಅನ್ನು."

ಇಷ್ಟು ವರ್ಷ ಈ ಮನುಷ್ಯ ಬರೀ ದಾರಿಗಾಗಿ ಕೋರ್ಟಿಗೆ ಬರುತ್ತಿದ್ದಾರೆಂದು ನಂಬಿದ್ದ ನಾನೇ ದಡ್ಡಿ!

ಹಿಂದಿನಿಂದ ದೊಡ್ಡ ಮಾವನ ದನಿ ಬಂತು. "ಸೋಮವಾರ ಮನೆತಾಕೆ ಬಾರ್ಲೇ. ಅದೇ ವಾಯಿದೆ ಅನ್ಕ."

"ಯಾಕೆ? ಏನೈತೆ?"

"ಏನೂ ಇಲ್ಲ. ಬಾ."

ಸೋಮವಾರ ಮಾವ ಬಿಳಿ ಪಂಚೆ ಉಟ್ಟು ಹೋದರಂತೆ. ಬಾಗಿಲು ತೆರೆದಿದ್ದರೂ ಒಳಗೆ ಕಾಲಿಡದೆ ಜಗುಲಿಯ ಮೇಲೆ ಕುಳಿತರಂತೆ. ದೊಡ್ಡತ್ತೆ ಬಂದು ಕರೆದರೂ ಏಳಲಿಲ್ಲವಂತೆ. ಆಗ ದೊಡ್ಡ ಮಾವ ಹೊಸ್ತಿಲಿಗೆ ಬಂದು ನಿಂತು, ಬೀದಿಗೆಲ್ಲ ಕೇಳುವ ಹಾಗೆ ತಮ್ಮನ ಹೆಸರು ಹಿಡಿದು "ಬಿನ್ ಕಾಟಪ್ಪಾ!" ಎಂದು ಕೂಗಿದರಂತೆ.

ಮಾವ ಎದ್ದು ಒಳಗೆ ಹೋದರು.