ಮಂಜಣ್ಣನ ಹುಳ

ಮಂಜಣ್ಣನ ಕುರಿಹಟ್ಟಿಯಲ್ಲಿ ಹುಳ ಸಿಕ್ಕಿದ್ದು ನಿನ್ನೆ. ಅದು ಎತ್ತಪ್ಪನ ಹೊಟ್ಟೆಯೊಳಗೆ ಹರಿದಾಡತೊಡಗಿದ್ದು ಇವತ್ತು ಬೆಳಿಗ್ಗೆ.

ಭರಮಸಾಗರದ ಕೆರೆಯ ಹಿಂದೆ ಇಬ್ಬರದೂ ಅಕ್ಕಪಕ್ಕದ ಹಟ್ಟಿ, ನಡುವೆ ಒಂದು ಮುಳ್ಳುಬೇಲಿ. ಎರಡೂ ಕಡೆಯ ಕುರಿಗಳು ಒಂದೇ ಬಯಲಿನ ಹುಲ್ಲು ಮೇಯುತ್ತವೆ, ಒಂದೇ ಬಗೆಯ ಹಿಕ್ಕೆ ಹಾಕುತ್ತವೆ. ಆದರೂ ಹುಳಗಳ ಮೇಲೆ ಸಂಶೋಧನೆ ಮಾಡುವ ಮೇಡಂ ದುರ್ಗದಿಂದ ಬರುತ್ತಿರುವುದು ಮಂಜಣ್ಣನ ಹಟ್ಟಿಗೆ!

"ಊರಿನ ವಾಟ್ಸಾಪ್‌ನಾಗೆ ಅವನ ಫೋಟೋ ಬರ್ತೈತಂತೆ," ಎಂದಳು ಹೆಂಡತಿ ಮುದ್ದಕ್ಕ.

"ಹಿಕ್ಕೆಯಾಗಿನ ಹುಳಕ್ಕೆ ಫೋಟೋನಾ?" ಎಂದ ಎತ್ತಪ್ಪ. ಚಪ್ಪಲಿ ಮೆಟ್ಟಿ ನೇರ ಬಸ್‌ಸ್ಟಾಂಡಿಗೆ ಓಡಿದ. ಬಸ್ಸಿಳಿದ ಅನುಪಮಾ ಮೇಡಂ ದಾರಿ ಕೇಳುವ ಮೊದಲೇ ಅವರ ಮುಂದೆ ನಿಂತ.

"ಹುಳ ತಾನೇ? ಬರ್ರಿ ಮೇಡಮ್ಮೋರೆ, ತೋರಿಸ್ತೀನಿ," ಎಂದು ತನ್ನ ಹಟ್ಟಿಗೇ ಕರೆತಂದ.

ಹಿಕ್ಕೆಯ ರಾಶಿಗೆ ಕೈ ಹಾಕಿದ. ಜಾರಿ, ಮೊಣಕೈತನಕ ಒಳಗೆ ಹೋದ. ಹುಳ ಬೆರಳು ಪರಚಿತು. ಕೊನೆಗೂ ಅಂಗೈ ಮೇಲೆ ಬಂತು: ಕರೀ ಮೈ, ಬೆನ್ನಿನ ಮೇಲೆ ತಾಮ್ರದ ಹೊಳಪು, ಗರಗಸದಂಥ ಮುಂಗಾಲು, ತಲೆಯ ಮೇಲೆ ಪುಟ್ಟ ಕೊಂಬು.

"ಇದು ಗಂಡು. ಹೆಣ್ಣಿಗೆ ಕೊಂಬಿರಲ್ಲ," ಎಂದು ಮೇಡಂ ಫೋಟೋ ತೆಗೆದರು.

"ನಮ್ಮನೇಲೂ ಗಂಡಿಗೇ ಕೊಂಬು ಬಿಡ್ರಿ," ಎಂದಳು ಮುದ್ದಕ್ಕ.

"ಈ ಜಾತಿ ಇಲ್ಲಿ ಮಾತ್ರ ಇದೆ ಅಂದ್ಕೊಂಡಿದೀವಿ, ಅಪರೂಪದ್ದು."

ಎತ್ತಪ್ಪ ಕಾಯುತ್ತಿದ್ದುದೇ ಈ ಮಾತಿಗೆ. "ಎಲ್ಲೀ ಅಪರೂಪ! ಮಂದೆ ಹೊಡ್ಕೊಂಡು ನಾ ಹೋಗದ ಊರಿಲ್ಲ. ಹೊಸದುರ್ಗದಾಗೆ ಐತೆ, ಹೊಳಲ್ಕೆರೆಯಾಗೆ ಐತೆ, ಹಿರಿಯೂರಾಗಂತೂ ಕಾಲಿಟ್ಟಲ್ಲೆಲ್ಲ ಅವೆ!"

ಮೇಡಂ ಕಣ್ಣರಳಿಸಿ ಎಲ್ಲವನ್ನೂ ಫೋನಿಗೆ ಹಾಕಿಕೊಂಡರು. "ಇದಕ್ಕೆ ನಿಮ್ಮ ಕಡೆ ಏನಂತೀರಿ?"

ಹಿಕ್ಕೆಹುಳ ಎಂಬ ಮಾತು ಎತ್ತಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಬೇಲಿಯಾಚೆ ಕಣ್ಣು ಹೋಯಿತು. ಇಸ್ತ್ರಿ ಮಾಡಿದ ಬಿಳೀ ಅಂಗಿ ತೊಟ್ಟು, ತಲೆಗೆ ಎಣ್ಣೆ ಮೆತ್ತಿಕೊಂಡು, ಮಂಜಣ್ಣ ಮದುಮಗನಂತೆ ಕುರ್ಚಿಯ ಮೇಲೆ ಕುಂತಿದ್ದ.

"ಏನಂತೀವಿ? ಮಂಜಣ್ಣನ ಹುಳ ಅಂತೀವಿ!" ಎಂದು ಎತ್ತಪ್ಪ ಮೂಗು ಮುರಿದ.

ಫೋನಿನತ್ತ ಬಗ್ಗಿದ್ದ ಮೇಡಂ ಮಾತನ್ನು ಬರೆದುಕೊಂಡರು, ಮೂಗನ್ನು ನೋಡಲಿಲ್ಲ. ಬೇಕಾದ್ದೆಲ್ಲ ಸಿಕ್ಕಿತೆಂದು ಅಲ್ಲಿಂದಲೇ ಬಸ್ಸು ಹತ್ತಿದರು. ಎತ್ತಪ್ಪ ಎರಡು ಮುದ್ದೆ ಹೆಚ್ಚಿಗೆ ಉಂಡ.

ಸಂಜೆ ಊರಿನ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಮಗಳು ಲತಾ ಗಟ್ಟಿಯಾಗಿ ಓದಿದಳು: "'ಸ್ಥಳೀಯ ಹೆಸರು, ಮಂಜಣ್ಣನ ಹುಳ. ಭರಮಸಾಗರದಿಂದ ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನವರೆಗೂ ಇದೆ ಎನ್ನುತ್ತಾರೆ ಕುರಿಗಾರರು.'"

"ನನ್ನ ಫೋಟೋ?"

"ಐತಲ್ಲಪ್ಪ. ಹುಳದ ಕೆಳಗೆ ಅಂಗೈ."

ಮುದ್ದಕ್ಕ ಇಣುಕಿದಳು. "ಉಗುರಾಗೆ ಹಿಕ್ಕೆ ಐತೆ. ನಿಮ್ದೇ."

ಅಷ್ಟರಲ್ಲಿ ದಿನವಿಡೀ ಕುರ್ಚಿಯಿಂದ ಏಳದ ಮಂಜಣ್ಣ ಬೇಲಿಯ ಮೇಲಿಂದ ಕತ್ತು ಹಾಕಿದ. ಅಂಗಿಯ ಇಸ್ತ್ರಿ ಇನ್ನೂ ಕೆಟ್ಟಿರಲಿಲ್ಲ.

"ಎತ್ತಣ್ಣ, ನಂಗೇ ಗೊತ್ತಿರಲಿಲ್ಲ ನೋಡು, ನಾನು ಹಿರಿಯೂರಿನತನಕ ಹಬ್ಬಿದೀನಿ ಅಂತ!"