ಮಹಾಂತೇಶ್ ಮೇಷ್ಟ್ರ ಮತಯಾಚನೆ

ವೋಟು ಕೇಳಲು ಹೋದ ಮಹಾಂತೇಶ್ ಮೇಷ್ಟ್ರು ವೋಟೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಕೇಳಿದ್ದೇ ಆ ದಿನದ ಫಜೀತಿಗೆಲ್ಲ ಮೂಲ.

ಮೇಷ್ಟ್ರು ತಿಪಟೂರಿನ ಕಾಲೇಜೊಂದರಲ್ಲಿ ವರ್ಷಗಟ್ಟಲೆ ಸಮಾಜಶಾಸ್ತ್ರ ಪಾಠ ಮಾಡಿದವರು. ತೆಂಗು ಬೆಳೆಯುವ ಮನೆತನಗಳ ನೆಂಟಸ್ತಿಕೆಯ ಮೇಲೆ ಡಾಕ್ಟರೇಟ್ ಪಡೆದಿದ್ದರು. ಯಾವ ಊರಿನ ಹೆಣ್ಣು ಯಾವ ಊರಿಗೆ ಸೊಸೆಯಾಗಿ ಹೋಗುತ್ತಾಳೆ, ಯಾಕೆ ಹೋಗುತ್ತಾಳೆ ಎಂಬುದೆಲ್ಲ ಅವರ ನಾಲಗೆಯ ತುದಿಯಲ್ಲಿತ್ತು. ತಮ್ಮ ಮನೆಗೊಂದು ಹೆಣ್ಣು ತರುವುದಕ್ಕೆ ಮಾತ್ರ ಪುರುಸೊತ್ತಾಗಿರಲಿಲ್ಲ. ನಲವತ್ತು ದಾಟಿ, ತಲೆಗೂದಲು ಹಿಂದೆ ಸರಿದು, ಅಟ್ಟದ ಮೇಲೆ ಮರೆತುಬಿಟ್ಟ ಕೊಬ್ಬರಿಯ ಹಾಗೆ ಒಂಟಿಯಾಗಿ ಒಣಗುತ್ತಿದ್ದರು.

ಹೀಗಿರುವಾಗ ಸಹಕಾರ ಸಂಘದ ಸಭೆಯಲ್ಲಿ ಅವರ ಭಾಷಣ ಕೇಳಿದ ಕೊಬ್ಬರಿ ವ್ಯಾಪಾರಿ ತೋಂಟದಾರ್ಯ, "ನಿಮ್ಮಂಥೋರು ರಾಜಕೀಯಕ್ಕೆ ಬರ್ಬೇಕು ಕಣ್ರೀ ಮೇಷ್ಟ್ರೇ. ಟಿಕೆಟ್ ವಿಚಾರ ನಂಗ್ ಬುಡಿ" ಅಂದುಬಿಟ್ಟ. ಸಮಾಜವನ್ನು ಓದಿದ್ದು ಸಾಕು, ಇನ್ನು ತಿದ್ದೋಣ ಎಂದುಕೊಂಡು ಮೇಷ್ಟ್ರು ಕೆಲಸಕ್ಕೆ ರಾಜೀನಾಮೆ ಕೊಟ್ಟು, ಜಿಲ್ಲಾ ಪಂಚಾಯಿತಿ ಚುನಾವಣೆಗೆ ಟೊಂಕ ಕಟ್ಟಿದರು.

ಆವತ್ತು ಬೆಳಿಗ್ಗೆ ಇಬ್ಬರೂ ದಬ್ಬೇಘಟ್ಟದ ಪಕ್ಕದ ಹಳ್ಳಿಗೆ ಹೋದರು. ಕಾರಿನಿಂದ ಇಳಿಯುವಾಗಲೇ ತೋಂಟದಾರ್ಯ ಎಚ್ಚರಿಸಿದ.

"ನೋಡಿ, ಕೈ ಮುಗೀರಿ, ನಗ್ರಿ, ಮುಂದಿನ ಮನೆಗೆ ನಡೀರಿ. ಪಾಠ ಗೀಠ ಸುರು ಹಚ್ಕಬ್ಯಾಡಿ."

ಅಷ್ಟರಲ್ಲಿ ಅವನಿಗೊಂದು ಫೋನು ಬಂತು. ಅವನು ಹೊಂಗೆ ಮರದಡಿ ಉಳಿದ, ಮೇಷ್ಟ್ರು ಒಬ್ಬರೇ ಎದುರಿಗಿದ್ದ ಮೀನಾಕ್ಷಮ್ಮ ಎಂಬಾಕೆಯ ಮನೆಯ ಜಗಲಿ ಹತ್ತಿದರು.

"ಕುಂತ್ಕಳಪ್ಪ" ಎಂದು ಆಕೆ ಕುರ್ಚಿ ಹಾಕಿದರು. ಕುರ್ಚಿ ಸಿಕ್ಕಿದ್ದೇ ತಡ, ಮೇಷ್ಟ್ರ ಒಳಗಿದ್ದ ಸಮಾಜಶಾಸ್ತ್ರಿ ಎದ್ದು ಕೂತ.

"ನಿಮ್ಮ ಕುಲದ ಬೆಡಗು ಯಾವುದು ಅಮ್ಮ? ನಿಮ್ಮ ತವರು ಎಲ್ಲಿ? ತೆಂಗಿನ ತೋಟ ಎಷ್ಟಿದೆ?"

ಮೀನಾಕ್ಷಮ್ಮ ಎಲ್ಲಕ್ಕೂ ಉತ್ತರ ಕೊಟ್ಟರು.

"ಮನೇಲಿ ಮದುವೆ ಆಗದೆ ಇರೋರು ಯಾರಾದ್ರೂ ಇದ್ದಾರೋ?"

ಮೀನಾಕ್ಷಮ್ಮನ ಮುಖ ದೀಪ ಹಚ್ಚಿದಂತಾಯಿತು. "ಮಗಳವ್ಳೆ ಕಣಪ್ಪ, ಸೌಮ್ಯ. ಎಂ.ಎ. ಓದವ್ಳೆ. ಹೆಂಗಸ್ರ ಹಾಲಿನ ಸಂಘ ಅವಳೇ ನಡೆಸೋದು."

"ಬಹಳ ಸಂತೋಷ! ಮದುವೆ ಆದ ಮೇಲೂ ಕೆಲಸ ಮುಂದುವರಿಸ್ತಾರೋ?"

"ಗಂಡ ಒಪ್ಪುದ್ರೆ ಮುಂದುವರಿಸ್ತಾಳೆ."

"ಒಪ್ಪಲೇಬೇಕು ಕಣಮ್ಮ! ಒಪ್ಪದ ಗಂಡ ಗಂಡನೇ ಅಲ್ಲ!" ಎಂದು ಮೇಷ್ಟ್ರು ಕುರ್ಚಿಯ ಕೈಯನ್ನು ಗುದ್ದಿದರು.

ಮೀನಾಕ್ಷಮ್ಮ ಕಣ್ಣೊರೆಸಿಕೊಂಡು ಒಳಗೆ ಹೋದರು. ತುಪ್ಪ ಕಾದ ಘಮ ಬಂತು. ಬಿಸಿಬಿಸಿ ಕೇಸರಿಬಾತು ಬಂತು. ಆ ಘಮಕ್ಕೆ ಪಕ್ಕದ ಮನೆಯ ಚಿಕ್ಕಗೌರಮ್ಮನೂ ಬಂದು, ಸಂತೆಯಲ್ಲಿ ಹೋರಿ ನೋಡುವ ಹಾಗೆ ಮೇಷ್ಟ್ರನ್ನು ಸುತ್ತಲಿಂದ ನೋಡಿ, ಅಡುಗೆಮನೆಗೆ ಹೋಗಿ ವರದಿ ಒಪ್ಪಿಸಿದಳು: "ತಲೆ ವಸಿ ಬೋಳು. ಗುಣ ಮಾತ್ರ ಅಪರಂಜಿ ಕಣೇ ಮೀನಾಕ್ಷಿ."

ಸೌಮ್ಯ ಹಾಲಿನ ಸಂಘದಿಂದ ಬಂದಳು. ಮೇಷ್ಟ್ರು ಎದ್ದು ನಿಂತು ನಮಸ್ಕಾರ ಮಾಡಿ ಕೇಳಿದರು: "ಮದುವೆ ಅನ್ನೋ ಸಂಸ್ಥೆ ಬಗ್ಗೆ ನಿಮ್ಮ ಅಭಿಪ್ರಾಯ ಏನು?"

ಅವಳು ಬಾಯಿ ತೆರೆಯುವ ಮೊದಲೇ ತಾಯಿ ನುಗ್ಗಿದರು. "ಸಂಸ್ಥೆ ಗಿಂಸ್ಥೆಲಿ ಯಾಕಪ್ಪ? ಮನೆ ಮುಂದ್ಲೇ ಚಪ್ಪರ ಹಾಕಿ ಮಾಡ್ಕೊಡ್ತೀವಿ!"

ಸೌಮ್ಯ ನಗು ತಡೆಯಲಾರದೆ ಒಳಗೋಡಿದಳು. ಆ ನಗು ತೋಟದಲ್ಲಿ ಕಾಯಿ ಬಿದ್ದಂತೆ ಮೇಷ್ಟ್ರ ಎದೆಯೊಳಗೆ ದೊಪ್ಪನೆ ಬಿತ್ತು. ಚಪ್ಪರವೆಂದರೆ ಪ್ರಚಾರ ಸಭೆಯ ಚಪ್ಪರ ಎಂದುಕೊಂಡು ಅವರು ಧನ್ಯವಾದ ಹೇಳಿ ಹೊರಟರು.

ಬೀದಿಯಲ್ಲಿ ಮನೆಮನೆಯಲ್ಲೂ "ಬನ್ನಿ ಅಳಿಯಂದಿರೇ" ಎಂಬ ಸ್ವಾಗತ. ಮುದುಕರೊಬ್ಬರು ಕೈ ಹಿಡಿದು, "ಚಪ್ಪರದ ಗರಿ ನಮ್ಮ ತ್ವಾಟದ್ದೇ ಆಗ್ಬೇಕು" ಅಂದರು. ಮೇಷ್ಟ್ರು ಕರಗಿಹೋದರು. ಓಡುತ್ತ ಬಂದ ತೋಂಟದಾರ್ಯನಿಗೆ, "ಎಂಥಾ ಜನ ನೋಡ್ರಿ! ಅಭ್ಯರ್ಥಿಯನ್ನೂ ಬಂಧು ಮಾಡ್ಕೊಳ್ತಾರೆ. ಇದರ ಮೇಲೊಂದು ಪ್ರಬಂಧ ಬರೀಬಹುದು" ಅಂದರು.

"ಪ್ರಬಂಧ ಅಲ್ಲ ಕಣ್ರೀ, ಸಂಬಂಧ! ನೀವು ಹೆಣ್ಣು ನೋಡಿ ಒಪ್ಪಿದ್ದೀರಿ ಅಂತ ಊರೆಲ್ಲ ಡಂಗುರ ಆಗೈತೆ. ನಂಗೇ ಫೋನ್ ಮಾಡಿ ಮುಹೂರ್ತ ಕೇಳ್ತಾವ್ರೆ!"

ಮೇಷ್ಟ್ರು ನಿಂತಲ್ಲೇ ಹಿಂದಕ್ಕೆ ತಿರುಗಿದರು. "ಈಗಲೇ ಹೋಗಿ ನಿಜ ಹೇಳಿಬಿಡ್ತೀನಿ."

"ಹೇಳಿ ನೋಡಿ! ಆಯಮ್ಮನ ನೆಂಟರು ತುರುವೇಕೆರೆಗಂಟ ಹರಡ್ಕಂಡವ್ರೆ. ಒಲ್ಲೆ ಅಂದ್ರೆ ಠೇವಣಿನೂ ಉಳಿಯಾಕಿಲ್ಲ."

"ವೋಟಿಗೋಸ್ಕರ ಹೆಣ್ಣುಮಗಳೊಬ್ಬಳಿಗೆ ಮೋಸ ಮಾಡೋಕಾಗಲ್ಲ ತೋಂಟದಾರ್ಯ" ಎಂದು ಮೇಷ್ಟ್ರು ಬಿರಬಿರನೆ ನಡೆದರು.

ಮೀನಾಕ್ಷಮ್ಮನ ನಡುಮನೆ ತುಂಬಿ ಹೋಗಿತ್ತು. ನಡುವೆ ತಾಂಬೂಲದ ತಟ್ಟೆ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, "ಇದು ಸಂವಹನದ ಕೊರತೆಯಿಂದ ಉಂಟಾದ ಅಪಾರ್ಥ" ಎಂದರು. ಒಂದಕ್ಷರವೂ ತಿಳಿಯದ ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಬೇರೆ ದಾರಿ ಕಾಣದೆ ಅವರು ಹಿತ್ತಲಲ್ಲಿದ್ದ ಸೌಮ್ಯಳ ಬಳಿಗೇ ಹೋದರು.

"ತಪ್ಪು ತಿಳ್ಕೋಬೇಡಿ. ನಾನು ಹೆಣ್ಣು ನೋಡೋಕೆ ಬಂದಿರಲಿಲ್ಲ."

"ಗೊತ್ತು ಸಾರ್. ಹೆಣ್ಣು ನೋಡೋಕೆ ಬಂದೋರು ಯಾರೂ ಇವತ್ತಿನವರೆಗೂ ನನ್ನ ಅಭಿಪ್ರಾಯ ಕೇಳಿಲ್ಲ."

ಮೇಷ್ಟ್ರು ಒಂದು ಹೆಜ್ಜೆ ಹತ್ತಿರ ಬಂದರು. "ಈಗ ನಿಮ್ಮ ಅಭಿಪ್ರಾಯ ಕೇಳ್ತಿರೋದು... ವೋಟಿಗಲ್ಲ" ಅಂದರು. ಅಂದವರು ತಾವೇ ಬೆವೆತರು.

ಸೌಮ್ಯ ತಲೆ ತಗ್ಗಿಸಿದಳು. ಏನೋ ಹೇಳುವವಳಿದ್ದಳು. ಅಷ್ಟರಲ್ಲಿ ತೋಂಟದಾರ್ಯ ಫೋನು ಹಿಡಿದು ನುಗ್ಗಿದ. ಅವನ ಹಿಂದೆ ನಡುಮನೆಯೆಲ್ಲ ಬಂತು.

"ಮುಳುಗ್ತು ಮೇಷ್ಟ್ರೇ! ಈಗ ಮೀಸಲಾತಿ ಪಟ್ಟಿ ಬಂತು. ನಮ್ಮ ಕ್ಷೇತ್ರ ಮಹಿಳೆಗೆ!"

ಮೇಷ್ಟ್ರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದರು. ಕೆಲಸವೂ ಇಲ್ಲ, ಕ್ಷೇತ್ರವೂ ಇಲ್ಲ. ಆದರೆ ತೋಂಟದಾರ್ಯ ಕಾಯಿ ಕೆಟ್ಟರೆ ಚಿಪ್ಪು ಮಾರುವ ಆಸಾಮಿ. ಕ್ಷಣದಲ್ಲೇ ಚೇತರಿಸಿಕೊಂಡ.

"ಯೋಚ್ನೆ ಯಾಕೆ? ಮದ್ವೆ ಆಗ್ಬುಡಿ! ಸೌಮ್ಯಮ್ಮ ನಿಲ್ಲಲಿ. ಗೆದ್ದ ಮ್ಯಾಲೆ ದರ್ಬಾರು ನೀವು ಮಾಡಿ."

ಎಲ್ಲರೂ ಸೌಮ್ಯಳ ಕಡೆ ತಿರುಗಿದರು.

"ನಿಲ್ತೀನಿ" ಅಂದಳು ಅವಳು. "ದರ್ಬಾರೂ ನಾನೇ ಮಾಡ್ತೀನಿ. ಈಗ ಮದುವೆ ಆದ್ರೆ ಜನ ನನ್ನ ಬಿಟ್ಟು ಗಂಡನ ಮುಖ ನೋಡ್ತಾರೆ. ಎಲೆಕ್ಷನ್ ಮುಗೀಲಿ." ಆಮೇಲೆ ಮೇಷ್ಟ್ರ ಕಡೆ ನೋಡಿ ದನಿ ತಗ್ಗಿಸಿದಳು. "ಸಾರ್ ಕೇಳಿದ್ದಕ್ಕೆ ಆವಾಗ ಉತ್ತರ ಹೇಳ್ತೀನಿ."

ಅವಳ ಕಣ್ಣಲ್ಲಿ ನಗುವಿತ್ತು. ಆ ನಗುವಿನಲ್ಲೇ ಉತ್ತರವೂ ಇತ್ತು. ಮೇಷ್ಟ್ರಿಗೆ ಕ್ಷೇತ್ರ ಹೋದ ದುಃಖವೇ ಮರೆತುಹೋಯಿತು. ದಡಬಡ ಎದ್ದು ನಿಂತರು.

"ಒಂದು ಜೈಕಾರ ಹಾಕಿ ಮೇಷ್ಟ್ರೇ, ಒಳ್ಳೇ ಗಂಟ್ಲು ನಿಮ್ದು!" ಎಂದ ತೋಂಟದಾರ್ಯ.

ಮೇಷ್ಟ್ರು ಹಿಂದೆಮುಂದೆ ನೋಡಲಿಲ್ಲ. ಊರೂರಿನ ಪ್ರಚಾರದಲ್ಲಿ ಹೆಣ್ಣು ಅಭ್ಯರ್ಥಿಗಳಿಗೆ ಎಲ್ಲರೂ ಕೂಗುವ ಹಾಗೆಯೇ ಕೈ ಎತ್ತಿ, ಎದೆ ತುಂಬಿ ಕೂಗಿದರು:

"ನಮ್ಮೆಲ್ಲರ ಪ್ರೀತಿಯ ಸೌಮ್ಯಕ್ಕನಿಗೇ...!"

"ಜೈ" ಅನ್ನಬೇಕಾದ ಹಿತ್ತಲು ಗಪ್‌ಚಿಪ್ಪಾಯಿತು. ಮೀನಾಕ್ಷಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಿಕ್ಕಗೌರಮ್ಮ ಗಲ್ಲಕ್ಕೆ ಕೈ ಹೊತ್ತಳು.

"ಅಯ್ಯೋ ಶಿವನೇ, ಇಷ್ಟು ಜನದ ಮುಂದೆ ಬಾಯ್ತುಂಬ ಅಕ್ಕ ಅಂದ್ಬುಟ್ರಲ್ಲ! ಇನ್ನೆಲ್ಲಿ ಮದ್ವೆ? ಮೀನಾಕ್ಷೀ, ಆ ತಾಂಬೂಲದ ತಟ್ಟೆ ತೆಗೆದು ಒಳಗಿಡೇ."